ಎಳೆಯೋದು ದೊಡ್ಡಸ್ತಿಕೆಯಲ್ಲ, ನಿಲ್ಲಿಸೋದು ದೊಡ್ಡಸ್ತಿಕೆ

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. "ಗುರೂ, ಮಗಳಿಗೆ ಕೊನೆಗೂ ಕುದುರೆ ಕೊಡಿಸಿಬಿಟ್ಟೆ ಕಣೋ. ಟ್ರೈಲರ್ರೂ ಸಿಕ್ತು. ಈಗ ಪಿಕಪ್ ನೋಡ್ತಾ ಇದ್ದೀನಿ. ಡೀಲರು ಹನ್ನೊಂದು ಸಾವಿರ ಪೌಂಡ್ ಆರಾಮಾಗಿ ಎಳೆಯುತ್ತೆ ಅಂದ. ನಮ್ಮ ಟ್ರೈಲರ್ರು, ಎರಡು ಕುದುರೆ, ಹುಲ್ಲು, ನೀರು ಎಲ್ಲಾ ಸೇರಿ ಆರು ಸಾವಿರ. ಹತ್ತಿರತ್ತಿರ ಡಬಲ್ ಆಯ್ತಲ್ಲ, ಇನ್ನೇನು ಬೇಕು?"

ಅವನಿಗೆ ಒಂದು ಗಂಟೆ ಬೈದೆ. ಆಮೇಲೆ ಫೋನಿಟ್ಟು ಕೂತಾಗ ಪಾಪ ಅನ್ನಿಸಿತು. ಯಾಕಂದ್ರೆ 2018ರಲ್ಲಿ ಇದೇ ಲೆಕ್ಕ ಹಾಕಿ, ಇದೇ ಮಾತು ನಂಬಿ, ಇಂಥದ್ದೇ ಗಾಡಿ ತಗೊಂಡ ಮಹಾನುಭಾವ ನಾನೇ! ಹಾಗಾಗಿ ಅವನಿಗೆ ಹೇಳಿದ್ದನ್ನ ಬೈಗುಳ ತೆಗೆದು ಇಲ್ಲಿ ಬರೆದಿಡ್ತಿದ್ದೀನಿ. ಇನ್ಯಾರಿಗಾದ್ರೂ ಉಪಯೋಗಕ್ಕೆ ಬಂದ್ರೆ ಬರಲಿ.

ಊರಲ್ಲಿರೋರಿಗೆ ಒಂದು ಮಾತು. ನಮ್ಮ ಕಡೆ ಪಿಕಪ್‌ನಲ್ಲಿ ದನ ಸಾಗಿಸೋದು ಅಂದ್ರೆ ಹಿಂದಿನ ತೊಟ್ಟಿಗೆ ಹತ್ತಿಸಿ ಹಗ್ಗ ಕಟ್ಟೋದು. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಕುದುರೆಗೆ ಅಂತಲೇ ಮಾಡಿದ ಮುಚ್ಚಿದ ಟ್ರೈಲರ್ ಇರುತ್ತೆ, ಅದನ್ನ ಪಿಕಪ್ ಹಿಂದೆ ಸಿಕ್ಕಿಸಿಕೊಂಡು ಎಳೀತಾರೆ. ಒಂದೊಂದು ಕುದುರೆ ಸುಮಾರು 500 ಕೆಜಿ. ಅದು ನಾಲ್ಕು ಕಾಲ ಮೇಲೆ ನಿಂತೇ ಪ್ರಯಾಣ ಮಾಡುತ್ತೆ. ಸೀಟು ಇಲ್ಲ, ಬೆಲ್ಟು ಇಲ್ಲ, ಮುಂದಿನ ತಿರುವು ಕಾಣಲ್ಲ. ನೀವು ಬ್ರೇಕ್ ಹಾಕಿದಾಗ ಮಾತ್ರ ಅದಕ್ಕೆ ಬ್ರೇಕ್ ಹಾಕಿದ್ದು ಗೊತ್ತಾಗೋದು. ಈ ಚಿತ್ರ ತಲೇಲಿ ಇಟ್ಟುಕೊಂಡು ಮುಂದೆ ಓದಿ.

*

2019ರ ಜುಲೈ. ಡೆನ್ವರ್ ಕಡೆಯಿಂದ ಐ-70 ಹೆದ್ದಾರಿಯಲ್ಲಿ ಬೆಟ್ಟದಾಚೆ ಒಂದು ಹಾರ್ಸ್ ಶೋಗೆ ಹೊರಟಿದ್ವಿ. ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮಗಳು, ಅವಳ ಗೆಳತಿ. ಹಿಂದೆ ಟ್ರೈಲರ್‌ನಲ್ಲಿ ನಮ್ಮ ಪೆನ್ನಿ, ಕಂದು ಬಣ್ಣದ ಹದಿನಾಲ್ಕು ವರ್ಷದ ಹೆಣ್ಣು ಕುದುರೆ. ಪಕ್ಕದಲ್ಲಿ ಗೆಳತಿಯ ಕುದುರೆ.

ಆ ದಾರಿ ಗೊತ್ತಿರೋರಿಗೆ ಐಸೆನ್‌ಹೋವರ್ ಸುರಂಗ ಗೊತ್ತಿರುತ್ತೆ. ಸಮುದ್ರಮಟ್ಟದಿಂದ 11,000 ಅಡಿ ಮೇಲೆ. ಸುರಂಗ ದಾಟಿ ಪಶ್ಚಿಮಕ್ಕೆ ಹೊರಬಂದ ತಕ್ಷಣ ಸಿಲ್ವರ್‌ಥಾರ್ನ್ ಊರಿನ ತನಕ ಬರೀ ಇಳಿಜಾರು. ಎಂಟು ಮೈಲಿ ಆಸುಪಾಸಿನಲ್ಲಿ ಎರಡು ಸಾವಿರ ಅಡಿಗೂ ಹೆಚ್ಚು ಇಳಿಯಬೇಕು. ಬ್ರೇಕ್ ಹೋದ ಲಾರಿಗಳು ನುಗ್ಗೋಕೆ ಅಂತಲೇ ರಸ್ತೆ ಪಕ್ಕ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ.

ಹತ್ತುವಾಗ ಗಾಡಿ ಒಂದು ಚೂರೂ ಏದುಸಿರು ಬಿಡಲಿಲ್ಲ. "ನೋಡ್ದ್ಯಾ, ಹೆಂಗೆ ಎಳೀತು" ಅಂತ ಹೆಂಡತಿ ಹತ್ರ ಜಂಬ ಕೊಚ್ಚಿಕೊಂಡೆ. ಇಳಿಯೋಕೆ ಶುರು ಮಾಡಿ ಮೂರು ಮೈಲಿ ಆಗಿರಬೇಕು, ಬ್ರೇಕ್ ಪೆಡಲ್ ಮೆತ್ತಗಾಯ್ತು. ಮೊದಲು ಅರ್ಧ ಒತ್ತಿದ್ರೆ ಹಿಡೀತಿದ್ದದ್ದು ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಕ್ಲಚ್ ಪ್ಲೇಟ್ ಸುಟ್ಟ ಹಾಗೆ ಕಮಟು ವಾಸನೆ. ಹಿಂದಿನಿಂದ ಟ್ರೈಲರ್ ನೂಕ್ತಿದೆ ಅನ್ನೋದು ಸೀಟಿನಲ್ಲೇ ಗೊತ್ತಾಗ್ತಿತ್ತು. ಮಕ್ಕಳು ಹಿಂದೆ ಏನೋ ಹಾಡ್ತಾ ಇದ್ರು. ನನ್ನ ಕೈಕಾಲು ತಣ್ಣಗಾಯ್ತು.

ಗೇರ್ ಎರಡನೆಯದಕ್ಕೆ ಇಳಿಸಿದೆ. ಇಂಜಿನ್ ಕಿರುಚಿಕೊಂಡಿತು, ವೇಗ ಸ್ವಲ್ಪ ಸ್ವಲ್ಪವೇ ಇಳೀತು. ಅಂತೂ ಹೇಗೋ ಬಲಗಡೆ ಅಂಚಿಗೆ ತಂದು ನಿಲ್ಲಿಸಿದೆ. ಪಿಕಪ್ಪಿನ ಮುಂದಿನ ಎರಡೂ ಚಕ್ರದಿಂದ ಹೊಗೆ. ಟ್ರೈಲರ್‌ನ ಚಕ್ರ ಮುಟ್ಟಿ ನೋಡಿದ್ರೆ... ತಣ್ಣಗಿತ್ತು.

ಆ ತಣ್ಣಗಿನ ಅರ್ಥ ನನಗೆ ಆಗ ಆಗಲಿಲ್ಲ. ಈಗ ಆಗುತ್ತೆ. ಟ್ರೈಲರ್‌ಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತೆ. ಅದು ಕೆಲಸ ಮಾಡಿದ್ರೆ ಅದರ ಚಕ್ರಾನೂ ಬಿಸಿಯಾಗಿರಬೇಕಿತ್ತು. ಅವತ್ತು ಅಷ್ಟೂ ಭಾರವನ್ನ, ಹತ್ತಿರತ್ತಿರ 2,700 ಕೆಜಿ ಟ್ರೈಲರ್ ಮತ್ತು ಅದರ ಮೇಲೆ ಗಾಡಿಯ ಭಾರ, ಪಿಕಪ್‌ನ ಬ್ರೇಕ್ ಒಂದೇ ಹೊತ್ತಿತ್ತು.

ಬಾಗಿಲು ತೆಗೆದು ನೋಡಿದ್ರೆ ಪೆನ್ನಿ ಮೈಯೆಲ್ಲಾ ಬೆವರು. ನಾಲ್ಕೂ ಕಾಲು ನಡುಗ್ತಿತ್ತು. ಎದೆಗೆ ಅಡ್ಡ ಇರೋ ಕಂಬಿಗೆ ಉಜ್ಜಿ ಚರ್ಮ ಕಿತ್ತಿತ್ತು. ಮಗಳು ಅಳಲಿಲ್ಲ. ನನ್ನ ಮುಖ ನೋಡಿ "ಅಪ್ಪಾ, ನೀನು ಈ ಟ್ರಕ್ ಸರಿಯಾಗಿದೆ ಅಂದಿದ್ಯಲ್ಲ?" ಅಂತ ಮಾತ್ರ ಕೇಳಿದ್ಲು.

ಇದಕ್ಕೆ ಉತ್ತರ ಹುಡುಕ್ತಾ ಹೋದದ್ದೇ ಈ ಬರಹ.

*

ನಮ್ಮ ಕುದುರೆ ಲಾಯದಲ್ಲಿ ಒಬ್ಬ ಮುದುಕ ಇದ್ದಾನೆ. ಜೀವಮಾನವೆಲ್ಲಾ ಕುದುರೆ ದನ ಸಾಗಿಸಿದವನು. ವಾಪಸ್ ಬಂದ ಮೇಲೆ ಕಥೆ ಕೇಳಿ ಒಂದು ಮಾತೂ ಆಡದೆ ಟ್ರೈಲರ್‌ನ ಏಳು ಪಿನ್ನಿನ ಪ್ಲಗ್ ಕಿತ್ತು ಬಿಸಿಲಿಗೆ ಹಿಡಿದ. ಒಂದು ಪಿನ್ನು ಪಾಚಿ ಕಟ್ಟಿದ ಹಾಗೆ ಹಸಿರು. ಆ ತುಕ್ಕಿನಿಂದಾಗಿ ಬ್ರೇಕ್‌ಗೆ ಕರೆಂಟೇ ಹೋಗ್ತಿರಲಿಲ್ಲ. ಸಣ್ಣ ಬ್ರಷ್ ತಗೊಂಡು ಉಜ್ಜಿ, ಕ್ಲೀನರ್ ಹೊಡೆದು ಐದು ನಿಮಿಷದಲ್ಲಿ ಸರಿ ಮಾಡಿದ. ಸ್ಟೀರಿಂಗ್ ಕೆಳಗೆ, ನನ್ನ ಮೊಣಕಾಲ ಹತ್ರ, ಬ್ರೇಕ್ ಕಂಟ್ರೋಲರ್ ಅಂತ ಒಂದು ಸಣ್ಣ ಪೆಟ್ಟಿಗೆ ಇದೆ. ಟ್ರೈಲರ್ ಸರಿಯಾಗಿ ಸಿಕ್ಕಿಕೊಂಡಿದ್ರೆ ಅದರಲ್ಲಿ ದೀಪ ಉರಿಯುತ್ತೆ. ಅವತ್ತು ಉರಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಒಂದು ದಿನವೂ ಅದನ್ನ ನೋಡಿದವನೇ ಅಲ್ಲ.

ಆಮೇಲೆ ಮುದುಕ ನನ್ನ ಗಾಡಿಯ ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿದ್ದ ಒಂದು ಚೀಟಿ ತೋರಿಸಿ ಕೇಳಿದ: "ಇದನ್ನ ಯಾವತ್ತಾದ್ರೂ ಓದಿದ್ದೀಯಾ?"

ಅದು ಟೈರಿನ ಗಾಳಿ ಎಷ್ಟು ಅಂತ ಹೇಳುವ ಚೀಟಿ. ಅಮೆರಿಕದ ಫೆಡರಲ್ ಸುರಕ್ಷತಾ ನಿಯಮದ ಪ್ರಕಾರ ಹಚ್ಚಲೇಬೇಕು. ಅದರ ಮೇಲ್ಭಾಗದಲ್ಲಿ ಒಂದು ಸಾಲು: ಕೂತವರು ಮತ್ತು ಸರಕು ಸೇರಿ ಇಷ್ಟು ತೂಕವನ್ನ ಎಂದೂ ಮೀರಬಾರದು. ನನ್ನ ಗಾಡಿಯಲ್ಲಿ ಅದು 1,440 ಪೌಂಡು, ಅಂದ್ರೆ ಸುಮಾರು 650 ಕೆಜಿ. ಇದಕ್ಕೆ ಪೇಲೋಡ್ ಅಂತಾರೆ.

"ನನ್ನದು ಹನ್ನೊಂದು ಸಾವಿರ ಎಳೆಯುತ್ತೆ" ಅಂದೆ. ಮುದುಕ ನಕ್ಕುಬಿಟ್ಟ.

ಯಾಕೆ ನಕ್ಕ ಅನ್ನೋದು ನನಗೆ ಅರ್ಥ ಆದದ್ದು ನಮ್ಮೂರಿನ ಎತ್ತಿನ ಗಾಡಿ ನೆನಪಾದ ಮೇಲೆ. ಗಾಡಿಗೆ ಹುಲ್ಲು ಹೇರುವಾಗ ತಾತ ಮತ್ತೆ ಮತ್ತೆ ಮೂಕಿ ಎತ್ತಿ ನೋಡ್ತಿದ್ರು. ಭಾರ ಮುಂದಕ್ಕೆ ಜಾಸ್ತಿ ಆದ್ರೆ ಮುಂಭಾರ, ನೊಗ ಎತ್ತಿನ ಹೆಗಲು ಮುರಿಯುತ್ತೆ. ಹಿಂದಕ್ಕೆ ಜಾಸ್ತಿ ಆದ್ರೆ ಹಿಂಭಾರ, ಮೂಕಿ ಮೇಲಕ್ಕೆದ್ದು ಎತ್ತಿನ ಕುತ್ತಿಗೆಗೇ ಉರುಳು. ಗಾಡಿ ಉರುಳೋದು ಚಕ್ರದ ಮೇಲೇ ಆದ್ರೂ ಒಂದಷ್ಟು ಭಾರವನ್ನ ಎತ್ತು ಹೊರಲೇಬೇಕು.

ಟ್ರೈಲರ್ರೂ ಅಷ್ಟೇ ಸ್ವಾಮಿ! ಹಿಂದೆ ಸಿಕ್ಕಿಸುವ ಟ್ರೈಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಪಿಕಪ್ಪಿನ ಬೆನ್ನ ಮೇಲೆ ಕೂರುತ್ತೆ, ಕೂರಬೇಕು. ಅದಕ್ಕಿಂತ ಕಡಿಮೆ ಆದ್ರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಎತ್ತಿನ ಹೆಗಲು ಎಷ್ಟು ತಡೆಯುತ್ತೆ ಅನ್ನೋದು ಆ ಚೀಟಿಯಲ್ಲಿರೋ ಸಂಖ್ಯೆ. ಜಾಹೀರಾತಿನಲ್ಲಿರೋ ಹನ್ನೊಂದು ಸಾವಿರ ಅಲ್ಲ.

ಅವತ್ತಿನ ಲೆಕ್ಕ ಹಾಕೋಣ ಬನ್ನಿ.

ಖಾಲಿ ಟ್ರೈಲರ್ 3,400 ಪೌಂಡ್. ಎರಡು ಕುದುರೆ 2,200. ಹುಲ್ಲು, ನೀರು, ಚಿಲ್ಲರೆ ಸಾಮಾನು 400. ಒಟ್ಟು 6,000. ಇದರಲ್ಲಿ ನೂರಕ್ಕೆ ಹದಿಮೂರು ಅಂದ್ರೆ 780 ಪೌಂಡ್ ಮುಂಭಾರ.
ಹಿಚ್‌ನ ಕಬ್ಬಿಣ 50.
ನಾವು ನಾಲ್ಕು ಜನ 540.
ಹಿಂದಿನ ತೊಟ್ಟಿಯಲ್ಲಿ ಜೀನು, ಟೂಲ್ ಬಾಕ್ಸ್, ಐಸ್ ಪೆಟ್ಟಿಗೆ 200.
ಒಟ್ಟು 1,570.

ಚೀಟಿ ಹೇಳಿದ್ದು 1,440. ಎಳೆಯುವ ಲೆಕ್ಕದಲ್ಲಿ ನಾನು ಅರ್ಧದ ಆಸುಪಾಸಿನಲ್ಲಿದ್ದೆ, ಹೊರುವ ಲೆಕ್ಕದಲ್ಲಿ ಆಗಲೇ ಗೆರೆ ದಾಟಿದ್ದೆ. ಹಿಂದಿನ ಆಕ್ಸೆಲ್ ಕುಸಿದು, ಮುಂದಿನ ಚಕ್ರದ ಮೇಲಿನ ಹಿಡಿತ ಕಡಿಮೆಯಾಗಿ, ಟ್ರೈಲರ್ ಬ್ರೇಕ್ ಸತ್ತು, ಎಂಟು ಮೈಲಿ ಇಳಿಜಾರು. ನಾವು ಇವತ್ತು ಬದುಕಿರೋದು ನನ್ನ ಜಾಣತನದಿಂದ ಅಲ್ಲ, ಅದೃಷ್ಟದಿಂದ.

*

ಇನ್ನು ಈ ಹನ್ನೊಂದು ಸಾವಿರ ಎಲ್ಲಿಂದ ಬಂತು? ಇದೇ ನನ್ನ ಹೊಟ್ಟೆ ಉರಿಸೋ ವಿಷಯ.

ಹಿಂದೆಲ್ಲಾ ಪ್ರತಿ ಕಂಪನಿಯೂ ತನಗೆ ಬೇಕಾದ ಹಾಗೆ ಅಳತೆ ಮಾಡಿ ತನಗೆ ಬೇಕಾದ ಸಂಖ್ಯೆ ಹೇಳ್ತಿತ್ತು. 2008ರಲ್ಲಿ ಆಟೋಮೋಟಿವ್ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಅನ್ನೋ ಒಂದೇ ಅಳತೆಗೋಲು ತಂತು. 2011ರ ಮಾಡೆಲ್‌ನಿಂದ ಟೊಯೋಟಾ ಮೊದಲು ಒಪ್ಪಿಕೊಂಡಿತು. ಫೋರ್ಡ್, ಜಿಎಂ, ರಾಮ್ ಬರೋ ಹೊತ್ತಿಗೆ 2015. ಅಳತೆಗೋಲು ಒಳ್ಳೇದೇ, ಸುಳ್ಳೇನಲ್ಲ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ರದ ಏರುದಾರಿಯನ್ನ ಬಿಸಿಲಲ್ಲಿ, ಏಸಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕಡಿಮೆ ಆಗದ ಹಾಗೆ ಹತ್ತಿ ತೋರಿಸಬೇಕು. ಇನ್ನೂ ಬೇರೆ ಪರೀಕ್ಷೆಗಳಿವೆ.

ಆದ್ರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಕೂರೋದು ಎಷ್ಟು ಜನ ಗೊತ್ತೇ? ಇಬ್ಬರು. ತಲಾ 150 ಪೌಂಡ್, ಅಂದ್ರೆ 68 ಕೆಜಿ. ನಮ್ಮನೇಲಿ ನಾನು 68 ಕೆಜಿ ಇರೋದು ಮದುವೆ ಆಲ್ಬಮ್ಮಿನಲ್ಲಿ ಮಾತ್ರ. ಮಕ್ಕಳಿಲ್ಲ, ಜೀನಿಲ್ಲ, ತೊಟ್ಟಿಯಲ್ಲಿ ಸಾಮಾನಿಲ್ಲ. ಎಳೆಯೋದು ಅಲುಗಾಡದ ಸತ್ತ ಭಾರ, ಕಾಲು ಬದಲಿಸುವ, ಬೆದರುವ, ಒದೆಯುವ ಜೀವ ಅಲ್ಲ. ಆ ಏರು ಮುಗಿಯೋದು ಸುಮಾರು 3,500 ಅಡಿ ಎತ್ತರದಲ್ಲಿ. ನಮ್ಮ ಸುರಂಗ ಇರೋದು 11,000 ಅಡಿಯಲ್ಲಿ. ಅಷ್ಟು ಎತ್ತರದಲ್ಲಿ ಟರ್ಬೋ ಇಲ್ಲದ ಇಂಜಿನ್ ತನ್ನ ಶಕ್ತಿಯ ಮೂರನೇ ಒಂದು ಭಾಗದಷ್ಟು ಕಳ್ಕೊಂಡಿರುತ್ತೆ.

ಇನ್ನೂ ಒಂದು ಕಿತಾಪತಿ ಇದೆ. ಜಾಹೀರಾತಿನ ದೊಡ್ಡ ಸಂಖ್ಯೆ ಆ ಮಾಡೆಲ್ಲಿನ ಎಲ್ಲಾ ಗಾಡಿಗೂ ಅಲ್ಲ. ಸರಿಯಾದ ಇಂಜಿನ್, ಸರಿಯಾದ ಆಕ್ಸೆಲ್, ಸರಿಯಾದ ಪ್ಯಾಕೇಜ್ ಇರೋ ಒಂದು ನಿರ್ದಿಷ್ಟ ಗಾಡಿಗೆ ಮಾತ್ರ. ನೀವು ಕೊಳ್ಳೋ ಗಾಡಿಗೆ ಸನ್‌ರೂಫ್, ಚರ್ಮದ ಸೀಟು, ದೊಡ್ಡ ಚಕ್ರ, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್ ಎಲ್ಲಾ ಸೇರಿಸಿದ ಹಾಗೆ ಗಾಡಿಯ ತೂಕ ಏರುತ್ತೆ, ಹೊರುವ ಶಕ್ತಿ ಇಳಿಯುತ್ತೆ. ಒಂದೇ ಶೋರೂಮಿನಲ್ಲಿ ಅಕ್ಕಪಕ್ಕ ನಿಂತ ಒಂದೇ ಹೆಸರಿನ ಎರಡು ಗಾಡಿಯ ಚೀಟಿಯಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರುತ್ತೆ. ದುಡ್ಡು ಜಾಸ್ತಿ ಕೊಟ್ಟ ಹಾಗೆ ಹೆಗಲು ಸಣ್ಣದಾಗುತ್ತೆ!

ನನಗೆ ಗಾಡಿ ಮಾರಿದವನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತ ನಾನು ಆಣೆ ಮಾಡಲಾರೆ. ಆದ್ರೆ ಕುದುರೆ ಎಳೀಬೇಕು ಅಂತ ನಾನು ಬಾಯಿಬಿಟ್ಟು ಹೇಳಿದ್ದೆ. ಅವನು ಟಚ್ ಸ್ಕ್ರೀನ್ ತೋರಿಸಿದ, ಸೀಟಿನ ಹೀಟರ್ ತೋರಿಸಿದ, ಬಾಗಿಲನ್ನ ಹತ್ತು ಸಲ ತೆಗೆದು ಹಾಕಿದ. ಆ ಬಾಗಿಲ ಕಂಬದ ಮೇಲಿನ ಚೀಟಿ ಮಾತ್ರ ತೋರಿಸಲಿಲ್ಲ.

ಹೋಗಲಿ, ಅವನನ್ನ ಬೈದು ಏನು ಪ್ರಯೋಜನ? ಮಿಕ್ಸಿ ಕೊಳ್ಳೋಕೆ ಎರಡು ವಾರ ರಿವ್ಯೂ ಓದೋ ಜನ ನಾವು. ಎಕ್ಸೆಲ್ ಶೀಟ್ ಮಾಡದೆ ಅಕ್ಕಿ ಬ್ರಾಂಡ್ ಬದಲಿಸಲ್ಲ. ಅಂಥ ನಾನು ಐವತ್ತು ಸಾವಿರ ಡಾಲರಿನ ಹತ್ತಿರದ ಗಾಡಿಯನ್ನ ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಬಣ್ಣ ಆರಿಸೋಕೆ ಜಾಸ್ತಿ ಹೊತ್ತು ತಗೊಂಡೆ.

*

ಇದನ್ನೆಲ್ಲಾ ಹೇಳಿದಾಗ ಎರಡು ತರಹದ ವಾದ ಬರುತ್ತೆ.

ಮೊದಲನೆಯದು, "ಏನೂ ಆಗಲ್ಲ ಬಿಡ್ರೀ, ನಮ್ಮಪ್ಪ ಹಳೇ ಅರ್ಧ ಟನ್ ಗಾಡೀಲಿ ನಾಲ್ಕು ಕುದುರೆ ಎಳೀತಿದ್ದ." ಇರಬಹುದು. ಎಷ್ಟು ವೇಗದಲ್ಲಿ ಎಳೀತಿದ್ದ? ಯಾವ ರಸ್ತೆಯಲ್ಲಿ? ಗಂಟೆಗೆ 60 ಮೈಲಿಯಲ್ಲಿ ಹೋಗೋ ಗಾಡಿ 75ಕ್ಕೆ ಏರಿದ್ರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತೆ. ಇದು ಪಿಯುಸಿ ಫಿಸಿಕ್ಸು. ಏನೂ ಆಗದೆ ಬಂದವರು ಮಾತ್ರ ಕಥೆ ಹೇಳೋಕೆ ಉಳಿದಿರ್ತಾರೆ ಅನ್ನೋದನ್ನೂ ಮರೀಬೇಡಿ.

ಎರಡನೆಯದು ಇದರ ತದ್ವಿರುದ್ಧ. "ಹಾಗಾದ್ರೆ ಸುಮ್ನೆ ಇರೋದ್ರಲ್ಲೇ ದೊಡ್ಡ ಡೀಸೆಲ್ ತಗೊಂಡುಬಿಡಿ." ಇದೂ ಯೋಚನೆ ಮಾಡದೆ ಆಡೋ ಮಾತೇ. ಡೀಸೆಲ್ ಇಂಜಿನ್ ತಾನೇ ನೂರಾರು ಪೌಂಡ್ ಜಾಸ್ತಿ ತೂಗುತ್ತೆ, ಆ ತೂಕ ಹೊರುವ ಲೆಕ್ಕದಿಂದಲೇ ಕಳೆಯುತ್ತೆ. ಎಲ್ಲಾ ಅಲಂಕಾರ ಇರೋ ಕೆಲವು ಮುಕ್ಕಾಲು ಟನ್ ಡೀಸೆಲ್ ಗಾಡಿಯ ಚೀಟಿ ಓದಿ, 2,000 ಪೌಂಡಿನ ಆಸುಪಾಸು ಇರುತ್ತೆ. ಬೆಲೆ ಸಾವಿರಾರು ಡಾಲರ್ ಮೇಲೆ. ಹೊಗೆ ಸೋಸೋ ಫಿಲ್ಟರ್ ಬಿಸಿಯಾಗಿ ತಾನೇ ಶುದ್ಧವಾಗಬೇಕಂದ್ರೆ ದೂರ ಓಡಿಸಬೇಕು. ವಾರಪೂರ್ತಿ ಐದು ಮೈಲಿ ದೂರದ ಲಾಯಕ್ಕೂ ಕಾಸ್ಟ್‌ಕೋಗೂ ಓಡಾಡಿದ್ರೆ ಅದು ಕಟ್ಟಿಕೊಂಡು ಕೂರುತ್ತೆ. ಡೀಸೆಲ್‌ನಿಂದ ನಿಜವಾದ ಲಾಭ ಇರೋದು ಎಳೆಯೋದರಲ್ಲಿ ಅಲ್ಲ, ಇಳಿಯೋದರಲ್ಲಿ. ಅದರ ಎಕ್ಸಾಸ್ಟ್ ಬ್ರೇಕ್ ಇಳಿಜಾರಲ್ಲಿ ಚಕ್ರದ ಬ್ರೇಕ್ ಮುಟ್ಟದೆ ಗಾಡಿಯನ್ನ ಹಿಡಿದಿಡುತ್ತೆ. ಆದ್ರೆ ಡೀಲರು ಅದನ್ನ ಹೇಳಲ್ಲ, ಟಾರ್ಕ್ ಟಾರ್ಕ್ ಅಂತಾನೆ.

ನನ್ನ ಅಭಿಪ್ರಾಯ ಕೇಳಿದ್ರೆ ಇಷ್ಟು:

ಒಂದೇ ಕುದುರೆ, ಹಗುರ ಅಲ್ಯೂಮಿನಿಯಂ ಟ್ರೈಲರ್, ಸಪಾಟು ರಸ್ತೆ, ಗಾಡಿಯಲ್ಲಿ ಇಬ್ಬರೇ ಅನ್ನೋದಾದ್ರೆ ಚೆನ್ನಾಗಿರೋ ಅರ್ಧ ಟನ್ ಗಾಡಿ ಸಾಕು. ಸುಮ್ನೆ ಹೆದರಿಸೋರ ಮಾತು ಕೇಳಬೇಡಿ.

ಎರಡು ಕುದುರೆ, ಮನೆಮಂದಿ, ಬೆಟ್ಟದ ದಾರಿ ಇದ್ರೆ ಮುಕ್ಕಾಲು ಟನ್, ಪೆಟ್ರೋಲ್ ಇಂಜಿನ್, ಅಲಂಕಾರ ಕಡಿಮೆ. ಹೊಸದೇ ಆಗಬೇಕಿಲ್ಲ.

ಮೂರು ನಾಲ್ಕು ಕುದುರೆ, ತೊಟ್ಟಿಯೊಳಗೇ ಕೊಂಡಿ ಕೂರುವ ಗೂಸ್‌ನೆಕ್ ಟ್ರೈಲರ್, ವರ್ಷಪೂರ್ತಿ ಓಡಾಟ ಅಂದ್ರೆ ಒಂದು ಟನ್, ಆಗ ಡೀಸೆಲ್‌ಗೂ ಅರ್ಥ ಇದೆ. ಗೂಸ್‌ನೆಕ್‌ನಲ್ಲಿ ಬೆನ್ನ ಮೇಲೆ ಬರೋ ಭಾರ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು.

ಈ ಅರ್ಧ, ಮುಕ್ಕಾಲು, ಒಂದು ಟನ್ ಅನ್ನೋದು ಹಳೇ ಕಾಲದ ಹೆಸರು, ಅಳತೆ ಅಲ್ಲ. ಅಳತೆ ಚೀಟಿಯಲ್ಲಿದೆ. ಅದೂ ನಂಬಿಕೆ ಬರದಿದ್ರೆ ಎಲ್ಲಾ ಹೇರಿಕೊಂಡು ಲಾರಿ ನಿಲ್ದಾಣದ ತೂಕದ ಸೇತುವೆ ಮೇಲೆ ಒಂದು ಸಲ ನಿಲ್ಲಿಸಿ. ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಖರ್ಚಾಗಲ್ಲ. ಪ್ರತಿ ಆಕ್ಸೆಲ್ ಎಷ್ಟು ಹೊತ್ತಿದೆ ಅಂತ ಚೀಟಿ ಕೊಡ್ತಾರೆ. ಇದಕ್ಕಿಂತ ಪ್ರಾಮಾಣಿಕ ಸೇಲ್ಸ್‌ಮನ್ ನನಗೆ ಈ ದೇಶದಲ್ಲಿ ಸಿಕ್ಕಿಲ್ಲ.

*

ಗಾಡಿ ಆಯ್ಕೆ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆರೈಕೆ ಬಗ್ಗೆ ಯಾರೂ ಇಲ್ಲ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡೋ ಜಾತಿ ನಮ್ಮದು. ನಮ್ಮ ಕುತ್ತಿಗೆಗೆ ಬಂದದ್ದು ಕಾಲು ಡಾಲರೂ ಬಾಳದ ಒಂದು ಪಿನ್ನು ಅನ್ನೋದನ್ನ ನೆನಪಿಡಿ. ನನ್ನ ಬುದ್ಧಿಗೆ ಬಂದದ್ದನ್ನ ಹೇಳ್ತೀನಿ.

ಗಾಡಿ ಜೊತೆ ಬರೋ ಪುಸ್ತಕದಲ್ಲಿ ಎರಡು ಸರ್ವಿಸ್ ಪಟ್ಟಿ ಇರುತ್ತೆ, ಸಾಧಾರಣ ಬಳಕೆಗೆ ಒಂದು, ಕಠಿಣ ಬಳಕೆಗೆ ಒಂದು. ಟ್ರೈಲರ್ ಎಳೆಯೋದು ಕಠಿಣ ಬಳಕೆ. ಎಲ್ಲರೂ ಮೊದಲನೆಯದನ್ನೇ ಓದಿ ಮುಚ್ಚಿಡ್ತಾರೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಬದಲಿಸಬೇಕಿಲ್ಲ ಅಂತ ಯಾರಾದ್ರೂ ಹೇಳಿದ್ರೆ, ಯಾರ ಜೀವಮಾನ ಅಂತ ಕೇಳಿ.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಅಂಶ ಹೀರುತ್ತೆ. ಹೀರಿದ ಹಾಗೆ ಅದು ಕುದಿಯೋ ಉಷ್ಣಾಂಶ ಇಳಿಯುತ್ತೆ. ಇಳಿಜಾರಲ್ಲಿ ಕುದ್ದು ಆವಿಯಾದ್ರೆ ನೀವು ಒತ್ತೋದು ಆವಿಯನ್ನ, ಬ್ರೇಕನ್ನ ಅಲ್ಲ. ನನ್ನ ಪೆಡಲ್ ಮೆತ್ತಗಾದದ್ದರಲ್ಲಿ ಇದರದ್ದೂ ಪಾಲು ಇತ್ತು. ಹಿಂದಿನ ಮಾಲೀಕ ಬದಲಿಸಿದ್ದಕ್ಕೆ ಲೆಕ್ಕವೇ ಇರಲಿಲ್ಲ.

ಟೈರು. ಟ್ರೈಲರ್ ಟೈರು ಸವೆದು ಸಾಯಲ್ಲ, ನಿಂತು ನಿಂತು ಬಿಸಿಲಿಗೆ ಒಣಗಿ ಸಾಯುತ್ತೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತೆ. 3219 ಅಂತಿದ್ರೆ 2019ರ 32ನೇ ವಾರ ತಯಾರಾದದ್ದು. ಐದಾರು ವರ್ಷ ಆದ್ರೆ ಗೀರು ಎಷ್ಟೇ ಚೆನ್ನಾಗಿರಲಿ ಬದಲಿಸಿ. ಗಾಳಿ ನೋಡೋದು ಟೈರ್ ತಣ್ಣಗಿದ್ದಾಗ, ಹೊರಡೋ ಮುಂಚೆ, ಪ್ರತಿ ಸಲ. ಪಿಕಪ್ಪಿಗೂ ಕಾರಿನ ಮೆತ್ತನೆ ಟೈರ್ ಬೇಡ, ಭಾರಕ್ಕೆಂದೇ ಮಾಡಿದ ಎಲ್‌ಟಿ ಟೈರ್ ಹಾಕಿಸಿ.

ಹಿಚ್ ಬಾಲ್. ಟ್ರೈಲರ್ ಬಾಯಿ 2 5/16 ಇಂಚಿನದ್ದು ಇದ್ದು, ನಿಮ್ಮ ಬಾಲ್ 2 ಇಂಚಿನದ್ದು ಇದ್ದರೂ ಅದು ಕೂತ ಹಾಗೆ, ಲಾಕ್ ಆದ ಹಾಗೆ ಕಾಣುತ್ತೆ. ಮೊದಲ ದೊಡ್ಡ ಗುಂಡಿಯಲ್ಲಿ ಎಗರಿ ಹೊರಗೆ ಬರುತ್ತೆ. ಬಾಲ್ ಮೇಲೆ ಕೆತ್ತಿರೋ ಅಳತೆ ಓದಿ. ಸೇಫ್ಟಿ ಚೈನ್ ಕೆಳಗಿನಿಂದ ಅಡ್ಡಡ್ಡ ಕತ್ತರಿ ಹಾಕಿ ಸಿಕ್ಕಿಸಿ.

ಟ್ರೈಲರ್ ಕಳಚಿಕೊಂಡರೆ ತಂತಿ ಕಿತ್ತು ತಾನೇ ಬ್ರೇಕ್ ಹಿಡಿಯೋ ಸ್ವಿಚ್ ಒಂದಿದೆ. ಅದಕ್ಕೆ ಸಣ್ಣ 12 ವೋಲ್ಟಿನ ಬ್ಯಾಟರಿ. ಆ ಬ್ಯಾಟರಿ ಸತ್ತಿದ್ರೆ ಸ್ವಿಚ್ ಇದ್ದೂ ಇಲ್ಲದ ಹಾಗೆ. ವರ್ಷಕ್ಕೊಮ್ಮೆ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಿಸಿ.

ಕೊನೆಯದಾಗಿ, ಕುದುರೆ ನಿಲ್ಲೋ ನೆಲ. ರಬ್ಬರ್ ಚಾಪೆ ಎತ್ತಿ ಹಲಗೆಯನ್ನ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗಂಜಲ ಇಳಿದಿಳಿದು ಹಲಗೆ ಒಳಗೇ ಕೊಳೆತಿರುತ್ತೆ, ಮೇಲಿಂದ ಕಾಣಲ್ಲ. ಅಲ್ಯೂಮಿನಿಯಂ ಆದ್ರೂ ಗುಳಿ ಬೀಳುತ್ತೆ. ಓಡೋ ಟ್ರೈಲರ್‌ನ ನೆಲ ಕುಸಿದು ಕುದುರೆಯ ಕಾಲು ರಸ್ತೆಗೆ ತಾಗಿದ್ರೆ ಏನಾಗುತ್ತೆ ಅಂತ ನಾನು ಬರೆಯಲ್ಲ. ನೀವೇ ಊಹಿಸಿ, ಊಹಿಸಿ ಚಾಪೆ ಎತ್ತಿ.

ಓಡಿಸುವಾಗ ಟೋ-ಹಾಲ್ ಗುಂಡಿ ಹತ್ತೋಕೆ ಮಾತ್ರ ಅಂದ್ಕೊಂಡಿದ್ದೆ ನಾನು. ಅದರ ದೊಡ್ಡ ಉಪಯೋಗ ಇಳಿಯುವಾಗ, ಇಂಜಿನ್ನೇ ಗಾಡಿಯನ್ನ ಹಿಡಿಯೋ ಹಾಗೆ ಗೇರ್ ಇಳಿಸುತ್ತೆ. ಇಳಿಜಾರು ಶುರುವಾಗೋ ಮುಂಚೆ ನಿಧಾನ ಮಾಡಿ, ಶುರುವಾದ ಮೇಲೆ ಅಲ್ಲ. ಒಂದೇ ಕುದುರೆ ಇದ್ರೆ ಎಡಗಡೆ ನಿಲ್ಲಿಸಿ, ಯಾಕಂದ್ರೆ ಇಲ್ಲಿ ರಸ್ತೆ ಬಲಕ್ಕೆ ವಾಲಿರುತ್ತೆ. ಹೆದ್ದಾರಿ ಅಂಚಿನಲ್ಲಿ ಕೆಟ್ಟು ನಿಂತರೆ ಕುದುರೆ ಕೆಳಗಿಳಿಸಬೇಡಿ.

*

ನಮ್ಮ ಕಥೆ ಏನಾಯ್ತು ಅಂತೀರಾ? ಆ ಗಾಡಿ ಮಾರಿದೆ. ಕೊಳ್ಳೋಕೆ ಬಂದವನಿಗೆ ಬಾಗಿಲ ಚೀಟಿ ನಾನೇ ತೋರಿಸಿದೆ. ದೋಣಿ ಎಳೀಬೇಕು ಅಂದ, ಲೆಕ್ಕ ಹಾಕಿ ಸಾಕಾಗುತ್ತೆ ಅಂತ ತಗೊಂಡ. ನಾನು ಹಳೇ ಮುಕ್ಕಾಲು ಟನ್ ಗಾಡಿ ತಗೊಂಡೆ. ಸೀಟು ಬಟ್ಟೆಯದ್ದು, ಸನ್‌ರೂಫ್ ಇಲ್ಲ, ಚೀಟಿಯಲ್ಲಿ 3,000ಕ್ಕೂ ಮೇಲಿದೆ. ನೋಡೋಕೆ ಚೆನ್ನಾಗಿಲ್ಲ ಅಂತ ಹೆಂಡತಿ ಈಗಲೂ ಹೇಳ್ತಾಳೆ.

ಗಾಡಿ ಬದಲಾಯ್ತು, ಆದ್ರೆ ಪೆನ್ನಿ ಮರೀಲಿಲ್ಲ. ಮೊದಲು ಕರೆದ್ರೆ ಸಾಕು ತಾನೇ ಟ್ರೈಲರ್ ಹತ್ತುತ್ತಿದ್ದ ಕುದುರೆ, ಅದಾದ ಮೇಲೆ ಎಂಟು ತಿಂಗಳು ಅದರ ಹತ್ತಿರಕ್ಕೇ ಬರಲಿಲ್ಲ. ದೂರದಿಂದ ಕಂಡ್ರೆ ಕಾಲು ಊರಿ ನಿಂತುಬಿಡ್ತಿತ್ತು. ಮಗಳು ಸ್ಕೂಲಿಂದ ಬಂದು ದಿನಾ ಸಂಜೆ ಬಾಗಿಲು ತೆಗೆದಿಟ್ಟ ಖಾಲಿ ಟ್ರೈಲರ್‌ನ ಹೊಸ್ತಿಲ ಮೇಲೆ ಕಾಳಿನ ಬಕೆಟ್ ಇಟ್ಟುಕೊಂಡು ಕೂರ್ತಿದ್ಲು. ಒಂದು ದಿನ ಹತ್ತು ಅಡಿ ದೂರ. ಒಂದು ತಿಂಗಳಿಗೆ ಐದು ಅಡಿ. ಛಳಿಗಾಲ ಪೂರ್ತಿ, ಕಂಬಳಿ ಹೊದ್ದುಕೊಂಡು. ನಾನು ಗಾಡಿಯಲ್ಲಿ ಹೀಟರ್ ಹಾಕಿಕೊಂಡು ಅವಳನ್ನ ನೋಡ್ತಾ ಇರ್ತಿದ್ದೆ. ಮಾರ್ಚ್‌ನಲ್ಲಿ ಒಂದು ಸಂಜೆ ಪೆನ್ನಿ ಮುಂದಿನ ಒಂದು ಕಾಲು ಒಳಗಿಟ್ಟಿತು.

ನಾನು ಒಂದು ಮಧ್ಯಾಹ್ನದಲ್ಲಿ ಮಾಡಿದ ತಪ್ಪನ್ನ ತಿದ್ದೋಕೆ ಆ ಮಗುವಿಗೆ ಎಂಟು ತಿಂಗಳು ಹಿಡೀತು. ಕುದುರೆಗೆ ಚೀಟಿ ಓದೋಕೆ ಬರಲ್ಲ. ಅದು ನಮ್ಮನ್ನ ನಂಬಿ ಒಳಗೆ ಹತ್ತುತ್ತೆ, ಅಷ್ಟೇ. ಅದರ ಪರವಾಗಿ ಓದಬೇಕಾದೋರು ನಾವು.

ಗೆಳೆಯ ನಿನ್ನೆ ಮತ್ತೆ ಫೋನ್ ಮಾಡಿದ್ದ. ಆ ಡೀಲರ್ ಹತ್ರ ಹೋಗಿ ಬಾಗಿಲು ತೆಗೆದು ಓದಿದನಂತೆ. "ಎಷ್ಟಿದೆ?" ಅಂದೆ.

"1,380" ಅಂದ. "ಬೇರೆ ನೋಡ್ತೀನಿ ಬಿಡು."